ಕಾದಂಬರಿಯೂ ಕಾದ ಅಂಬಲಿಯೂ

ಇಪ್ಪತ್ತೇಳು ವರ್ಷ ಮೊಳೆ, ನಲ್ಲಿ, ಬಣ್ಣದ ಡಬ್ಬಿ ಮಾರಿದ ಮನುಷ್ಯನಿಗೆ ಒಂದು ದಿನ ಇದ್ದಕ್ಕಿದ್ದಂತೆ ತಾನೊಬ್ಬ ಮಹಾನ್ ಕಾದಂಬರಿಕಾರ ಅನ್ನಿಸಿಬಿಟ್ಟರೆ ತಪ್ಪು ಯಾರದು? ಮೊಳೆಯದಂತೂ ಅಲ್ಲ. ಫಿಂಟನ್ ಮಲ್ಡರಿಗ್‌ನ ಪ್ರಕಾರ ತಪ್ಪೆಲ್ಲ ಅವನ ಮನೆಯದು. ಅವನು ಮಾತಾಡಲು ಬಾಯಿ ತೆರೆದರೆ ಸಾಕು, ಹೆಂಡತಿ ಅಟ್ರಾಕ್ಟಾ ಅಲ್ಲೊಂದು ತನ್ನ ವಾಕ್ಯ ಇಟ್ಟುಬಿಡುತ್ತಿದ್ದಳು. ಅವಳು ಉಸಿರೆಳೆದುಕೊಳ್ಳುವ ಸಂದಿಯಲ್ಲಿ ಅತ್ತೆ ಡಿಂಪ್ನಾ ತಮ್ಮದೊಂದು ತೂರಿಸುತ್ತಿದ್ದರು. ಹೀಗೆ ಆಡದೆ ಉಳಿದ ಮಾತೆಲ್ಲ ಹೊಟ್ಟೆಯಲ್ಲಿ ಸೇರಿ ಸೇರಿ (ಹೊಟ್ಟೆ ಆ ಗಾತ್ರಕ್ಕೆ ಬರಲು ಮಾತೊಂದೇ ಕಾರಣವಲ್ಲ ಎಂಬುದು ಹೆಂಡತಿಯ ವಾದ) ಕೊನೆಗೆ ಪುಸ್ತಕವಾಗಿ ಹೊರಬರಲೇಬೇಕಾಯಿತು.

ಐರ್ಲೆಂಡಿನ ಪಶ್ಚಿಮ ಕರಾವಳಿಯ ಕಿಲ್‌ಬ್ರಾಕನ್ ಊರಿನಲ್ಲಿ ಕತೆ ಹೇಳದವನನ್ನು ಸ್ವಲ್ಪ ಅನುಮಾನದಿಂದಲೇ ನೋಡುತ್ತಾರೆ. ಹಾಗಾಗಿ ಪ್ರತಿ ಮಂಗಳವಾರ ಸಂಜೆ ಲೈಬ್ರರಿಯಲ್ಲಿ ಬರವಣಿಗೆ ಕಲಿಸುವ ತರಗತಿಗೆ ಫಿಂಟನ್ ಸೇರಿಕೊಂಡಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ಮೊದಲ ತಿಂಗಳಲ್ಲೇ ಅವನು ನೂರು ಪುಟ ಬರೆದು ಒಗೆದ. ಏಳು ಹೆಡೆಯ ಘಟಸರ್ಪ, ಹೊಳೆಯುವ ಖಡ್ಗ, ಬಂಗಾರದ ಕೂದಲಿನ ರಾಜಕುಮಾರಿ, ಅವಳಿಗಿಂತ ಬಂಗಾರದ ಕೂದಲಿನ ನಾಯಕ. ನಾಯಕನ ಹೆಸರು ಫಿಂಟಾನಿಯಸ್. (ಯಾರನ್ನು ನೋಡಿ ಬರೆದದ್ದು ಎಂದು ಯಾರೂ ಕೇಳಲಿಲ್ಲ. ಕೇಳಲಿ ಎಂದು ಅವನು ಬಹಳ ಕಾದ.)

ಪಾಠ ಹೇಳುವಾಕೆ ಹತ್ತು ಪುಟ ಓದಿ ಕನ್ನಡಕ ಒರೆಸಿಕೊಂಡರು.

"ಫಿಂಟನ್, ನಿಮ್ಮ ಈ ರಾಜಕುಮಾರಿ ಯಾವತ್ತಾದ್ರೂ ಸೀನಿದ್ದಾಳಾ?"

"ಛೆ, ಇಲ್ಲ ಮೇಡಂ."

"ಅಲ್ಲೇ ಎಡವಟ್ಟಾಗಿರೋದು. ನಮ್ಮ ಹಳಬರು ದೇವತೆಗಳನ್ನ ಎಲ್ಲಿಂದ ತಂದ್ರು ಅಂದ್ಕೊಂಡ್ರಿ? ಕಾಗೆ ರೂಪದಲ್ಲಿ ಬಂದು, ವೀರನ ಮುಖಕ್ಕೆ ಹೊಡೆದ ಹಾಗೆ 'ನಾಳೆ ನೀನು ಉಳಿಯಲ್ಲ' ಅಂತ ಹೇಳಿ ಹಾರಿಹೋಗೋ ಯುದ್ಧದೇವತೆ ಮೊರಿಗನ್. ಮಡಿಲಿಂದ ಬಂಡೆ ಉದುರಿಸಿ ಬೆಟ್ಟ ಮಾಡಿ, ಚಳಿಗಾಲವನ್ನೇ ಕೈಯಲ್ಲಿ ಹಿಡಿದು ಆಳೋ ಮುದುಕಿ ಕಾಲ್ಯಾಕ್. ಇವರೇನು ಆಕಾಶದಿಂದ ಉದುರಿದ್ರಾ? ಯಾರದೋ ಹೆಂಡ್ತಿ, ಯಾರದೋ ಅತ್ತೆ! ಘಟಸರ್ಪ ಬಿಟ್ಹಾಕಿ. ಮನೆಗೆ ಹೋಗಿ ಕಣ್ಣು ಬಿಟ್ಟು ನೋಡಿ."

ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಅದೇ ಆಗಿತ್ತು ಅವನ ಕತೆ. ಮನೆಗೆ ಬಂದು ಕಣ್ಣು ಬಿಟ್ಟ.

ಗೇಟಿನ ಬಳಿ ಅಟ್ರಾಕ್ಟಾ ನಿಂತಿದ್ದಳು. ಅವಳು ಶಾಲಾ ಬಸ್ಸಿನ ಡ್ರೈವರ್. ಉದ್ದನೆಯ ಕಪ್ಪು ಮಳೆಯಂಗಿ ತೊಟ್ಟು, ಕತ್ತು ಒಂದಿಷ್ಟು ಓರೆ ಮಾಡಿ, ಪಕ್ಕದ ಮನೆ ಎಮೆಟ್‌ನ ಹಳೇ ಕಾರನ್ನು ದಿಟ್ಟಿಸುತ್ತಿದ್ದಳು.

"ನಾಳೆ ಕಾರಿನ ತಪಾಸಣೆ ಇದೆ ಅಟ್ರಾಕ್ಟಾ," ಎಂದ ಎಮೆಟ್ ಹಲ್ಲು ಬಿಟ್ಟು.

"ಪಾಸಾಗಲ್ಲ," ಎಂದಳು ಅಟ್ರಾಕ್ಟಾ. ಹೇಳಿ ಒಳಗೆ ಹೋದಳು.

ಮರುದಿನ ಎಮೆಟ್ ಬಸ್ಸಿನಲ್ಲಿ ಬಂದ.

ಫಿಂಟನ್‌ಗೆ ಮೈ ಜುಮ್ಮೆಂದಿತು. ಇಪ್ಪತ್ತಾರು ವರ್ಷದಿಂದ ಒಬ್ಬ ಯುದ್ಧದೇವತೆ ತನ್ನ ಸಾಕ್ಸ್ ಹುಡುಕಿಕೊಡುತ್ತಿದ್ದಳು, ತನಗೆ ಗೊತ್ತೇ ಆಗಿರಲಿಲ್ಲ! ಇನ್ನು ಕಾಲ್ಯಾಕ್‌ಗಾಗಿ ಹೊರಗೆ ಹುಡುಕುವ ಅಗತ್ಯವೂ ಬೀಳಲಿಲ್ಲ. ಡಿಂಪ್ನಾ ಸೊಂಟದ ಆಪರೇಷನ್ ಆದಮೇಲೆ ಹದಿನೈದು ದಿನ ಇದ್ದು ಹೋಗುತ್ತೇನೆಂದು ಬಂದಿದ್ದರು. ಬಂದು ಹದಿನಾಲ್ಕು ತಿಂಗಳಾಗಿತ್ತು. ನಲವತ್ತು ವರ್ಷ ಪ್ರಾಥಮಿಕ ಶಾಲೆ ಆಳಿ ನಿವೃತ್ತರಾದ ಆ ತಾಯಿ ಈಗ ಮನೆಯ ಹವಾಮಾನ ಇಲಾಖೆಯನ್ನು ವಹಿಸಿಕೊಂಡಿದ್ದರು. ಫಿಂಟನ್ ಹೀಟಿಂಗ್ ಹಾಕಿ ಹಿಂತಿರುಗುವಷ್ಟರಲ್ಲಿ ಊರುಗೋಲಿನ ತುದಿಯಿಂದ ಟಕ್ ಎಂದು ಸ್ವಿಚ್ ಆರಿಸಿ, "ಚಳಿಯಾದ್ರೆ ಸ್ವೆಟರ್ ಇದೆ ಕಣಪ್ಪಾ, ಸ್ವೆಟರಿಗೂ ಚಳಿಯಾದ್ರೆ ಇನ್ನೊಂದು ಸ್ವೆಟರ್ ಇದೆ," ಎನ್ನುತ್ತಿದ್ದರು. ಮೇ ತಿಂಗಳಲ್ಲೂ ಆ ಮನೆಯೊಳಗೆ ಮಾತಾಡಿದರೆ ಬಾಯಿಂದ ಹೊಗೆ ಬರುತ್ತಿತ್ತು.

ಅಂದಿನಿಂದ ಫಿಂಟನ್ ಹಿತ್ತಲ ಶೆಡ್ಡಿನಲ್ಲಿ ಬಣ್ಣದ ಡಬ್ಬಿಯ ಮೇಲೆ ಕೂತು ಬರೆಯತೊಡಗಿದ. ಅತ್ತೆ, ಹೆಂಡತಿ ಆಡಿದ ಒಂದೊಂದು ಮಾತನ್ನೂ ಜೇಬಿನ ಚೀಟಿಯಲ್ಲಿ ಗೀಚಿಕೊಂಡು ಹೋಗಿ ದೇವತೆಗಳ ಬಾಯಿಗೆ ಹಾಕಿದ. ಬೈಗುಳ ಕಡಿಮೆ ಬಿದ್ದ ದಿನ ಅಧ್ಯಾಯ ಮುಂದೆ ಸಾಗುತ್ತಿರಲಿಲ್ಲ. ಆಗ ಕೆಸರು ಬೂಟಿನಲ್ಲೇ ಹೊಸ ಕಾರ್ಪೆಟ್ಟಿನ ಮೇಲೆ ಒಂದು ಸುತ್ತು ನಡೆದು ಬರುತ್ತಿದ್ದ. ಕಲೆಗಾಗಿ ಇಷ್ಟೂ ಮಾಡದಿದ್ದರೆ ಹೇಗೆ?

"ಏಯ್! ಅದು ಕಾರ್ಪೆಟ್ಟು ಕಣೋ, ಆಲೂಗಡ್ಡೆ ಗದ್ದೆ ಅಲ್ಲ! ನೀನು ಸತ್ತ ದಿನ ಶವಪೆಟ್ಟಿಗೆಗೂ ಬೂಟು ಹಾಕ್ಕೊಂಡೇ ಹತ್ತು, ಹೋಗು!"

"ಆಹಾ! ಇನ್ನೊಂದ್ಸಲ ಹೇಳು. 'ಶವಪೆಟ್ಟಿಗೆಗೂ' ಆದ್ಮೇಲೆ ಏನಂದೆ?"

ಅಟ್ರಾಕ್ಟಾಗೆ ಗಾಬರಿಯಾಯಿತು. ಆ ಸಂಜೆ ಅಡುಗೆಮನೆಯಲ್ಲಿ ತಾಯಿ ಮಗಳು ಪಿಸುಗುಟ್ಟುವುದು ಬಾಗಿಲಾಚೆ ನಿಂತ ಫಿಂಟನ್ ಕಿವಿಗೆ ಬಿತ್ತು.

"ಅಮ್ಮಾ, ಇವನಿಗೇನೋ ಆಗಿದೆ. ಬೈದ್ರೆ ನಗ್ತಾನೆ. ಶೆಡ್ಡಿಗೆ ಬೀಗ ಹಾಕ್ತಾನೆ."

"ಬೇರೆ ಹೆಂಗಸಿರಬಹುದು ಕಣೇ."

"ಇವನಿಗಾ?"

ಇಬ್ಬರೂ ನಕ್ಕರು. ಅದು ಸಣ್ಣ ನಗುವಲ್ಲ. ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರು ಶುರುಮಾಡಿ, ಕೊನೆಗೆ ಡಿಂಪ್ನಾಗೆ ಸೊಂಟ ಹಿಡಿದುಕೊಳ್ಳುವಂತಾಯಿತು. ಫಿಂಟನ್‌ಗೆ ನಿಜಕ್ಕೂ ನೋವಾಯಿತು. ನೋವಿನಲ್ಲೇ ಅದನ್ನೂ ಬರೆದುಕೊಂಡ.

ಆ ನೋವಿಗೆ ಸೇಡೆಂಬಂತೆ ಐವತ್ತೆರಡನೇ ಪುಟದಲ್ಲಿ ಒಂದು ಘನಘೋರ ದೃಶ್ಯ ಹುಟ್ಟಿತು. ಫಿಂಟಾನಿಯಸ್‌ನ ತೇಜಸ್ಸಿಗೆ ಬೆದರಿದ ಕಾಲ್ಯಾಕ್ ಮುದುಕಿ ಕೈಮುಗಿದು ಕ್ಷಮೆ ಬೇಡುತ್ತಾಳೆ. ಮೊರಿಗನ್ ಮಂಡಿಯೂರಿ ಅವನ ಬೂಟು ತೊಳೆಯುತ್ತಾಳೆ. ಬರೆದು ಮುಗಿಸಿದವನಿಗೆ ಎಷ್ಟು ಹಿತವಾಯಿತೆಂದರೆ ಅಂದೇ ಮೂರು ಅಧ್ಯಾಯ ಕಟ್ಟಿ ಡಬ್ಲಿನ್‌ನ ಒಂದು ಪ್ರಕಾಶನಕ್ಕೆ ಅಂಚೆಗೆ ಹಾಕಿದ.

ಆರು ವಾರಕ್ಕೆ ಉತ್ತರ ಬಂತು. ಸಂಪಾದಕಿ ಸೋರ್ಚಾ ಎಂಬಾಕೆ ಬರೆದಿದ್ದಳು: 'ಮುಂದಿನ ಶನಿವಾರ ಗಾಲ್ವೇಗೆ ಹೋಗುವ ದಾರಿಯಲ್ಲಿ ನಿಮ್ಮ ಮನೆಗೆ ಬರುತ್ತೇನೆ. ನಿಮ್ಮ ದೇವತೆಗಳ ಬಗ್ಗೆ ಮಾತಾಡಬೇಕು.'

ಫಿಂಟನ್ ಮೊದಲು ಕುಣಿದ. ಆಮೇಲೆ ಕುಸಿದ. ದೇವತೆಗಳಿಬ್ಬರೂ ಶನಿವಾರ ಮನೆಯಲ್ಲೇ ಇರುತ್ತಾರಲ್ಲ! ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

"ಶನಿವಾರ ಚಹಾಕ್ಕೆ ಒಬ್ಬರು ಬರ್ತಾರೆ," ಎಂದ, ಬ್ರೆಡ್ಡಿಗೆ ಬೆಣ್ಣೆ ಸವರುತ್ತ. "ಡಬ್ಲಿನ್ನಿನವರು. ಬಣ್ಣದ ಕಂಪನಿ."

"ಗಂಡಸೋ ಹೆಂಗಸೋ?"

"ಯಾವುದು? ಬಣ್ಣವಾ?"

"ಬರೋದು."

"ಓ... ಹೆಂಗಸು ಅಂತ ಕಾಣುತ್ತೆ."

ಅಟ್ರಾಕ್ಟಾ ಕತ್ತು ಓರೆ ಮಾಡಿ ಅವನನ್ನೇ ನೋಡಿದಳು. ಎಮೆಟ್‌ನ ಕಾರನ್ನೂ ಹೀಗೆಯೇ ನೋಡಿದ್ದಳು. ಮರುದಿನ ಶೆಡ್ಡಿನ ಬೀಗ ತಲೆಕೆಳಗಾಗಿ ನೇತಾಡುತ್ತಿತ್ತು. ಫಿಂಟನ್ ಗಮನಿಸಲಿಲ್ಲ. ವೀರಾಧಿವೀರರು ಬೀಗ ಗೀಗ ಗಮನಿಸುವುದಿಲ್ಲ.

ಶನಿವಾರ ಬಂತು. ಫಿಂಟನ್ ಟೈ ಕಟ್ಟಿಕೊಂಡು ಕೋಣೆಗೆ ಬಂದವನೇ ದಂಗಾದ. ಹೀಟಿಂಗ್ ಉರಿಯುತ್ತಿತ್ತು! ಅತ್ತೆ ತಾವಾಗಿಯೇ ಹಾಕಿದ್ದರು. ಮೇಜಿನ ಮೇಲೆ ಮದುವೆಯಲ್ಲಿ ಬಂದ ಚಿನ್ನದ ಅಂಚಿನ ಕಪ್ಪುಗಳು, ಹಂದಿಮಾಂಸದ ತೆಳು ಹೋಳುಗಳು, ಸೇಬಿನ ಕಡುಬು. ಹೆಂಡತಿ ಒಂದು ಮಾತೂ ಆಡದೆ ಬ್ರೆಡ್ಡು ಕೊಯ್ಯುತ್ತಿದ್ದಳು.

ಸೋರ್ಚಾ ಒಳಗೆ ಬಂದಳು, ಮೂವತ್ತರ ಚುರುಕು ಹೆಣ್ಣು. ಬಂದವಳೇ ಅಟ್ರಾಕ್ಟಾಳ ಕೈ ಹಿಡಿದು, "ಅಯ್ಯೋ, ನೀವೇ ಅವರು!" ಎಂದಳು.

"ಇವರು ಬಣ್ಣದ ವಿಷಯ..." ಎಂದು ಫಿಂಟನ್ ಇಬ್ಬರ ನಡುವೆ ನುಗ್ಗಿದ.

"ಕೂತ್ಕೋ ಫಿಂಟನ್," ಎಂದಳು ಅಟ್ರಾಕ್ಟಾ. "ಬಣ್ಣ ಬಯಲಾಗಿದೆ."

ಡಿಂಪ್ನಾ ಕುರ್ಚಿಯ ದಿಂಬಿನ ಕೆಳಗಿನಿಂದ ಅವನ ಹಸ್ತಪ್ರತಿ ಎಳೆದು ಮೇಜಿನ ಮೇಲಿಟ್ಟರು. ಪುಟಪುಟಕ್ಕೂ ಕೆಂಪು ಪೆನ್ಸಿಲ್ ಗೀಟು, ತರಗತಿಯ ದಡ್ಡ ಹುಡುಗನ ಪರೀಕ್ಷೆ ಹಾಳೆಯಂತೆ. ಭೂಮಿ ಬಾಯಿಬಿಡಲಿ ಎಂದು ಫಿಂಟನ್ ಬೇಡಿಕೊಂಡ. ಅಂಗಡಿಯಲ್ಲಿ ಅವನೇ ಮಾರಿದ ಟೈಲ್ಸು, ಬಾಯಿ ಬಿಡಲಿಲ್ಲ.

"ಹದಿನೇಳನೇ ಪುಟ," ಎಂದರು ಡಿಂಪ್ನಾ. "ನನ್ನ ಮೂಗು 'ಮುರಿದ ಕುಡುಗೋಲಿನಂತೆ' ಅಂತ ಬರ್ದಿದ್ದೀಯ."

"ಅತ್ತೆ, ಅದು ನಿಮ್ಮ ಮೂಗಲ್ಲ, ಅದು ಪೌರಾಣಿಕ ಮೂಗು..."

"ಮೂಗು ನಂದೇ. ಅದಲ್ಲ ತಕರಾರು. ಕುಡುಗೋಲು ಮುರಿದ್ರೆ ಬಾಗು ಎಲ್ಲಿ ಉಳಿಯುತ್ತಪ್ಪಾ? ಉಪಮೆ ತಪ್ಪು. ಇನ್ನು ಐವತ್ತೆರಡನೇ ಪುಟ. ಕಾಲ್ಯಾಕ್ ಕ್ಷಮೆ ಕೇಳ್ತಾಳಂತೆ! ಬೆಟ್ಟ ಹುಟ್ಟಿಸಿದೋಳು, ಒಬ್ಬ ಯಕಶ್ಚಿತ್ ಅಳಿಯನ ಹತ್ರ! ನಾಲ್ಕನೇ ಕ್ಲಾಸ್ ಮಕ್ಕಳೂ ನಂಬಲ್ಲ ಇದನ್ನ."

ಫಿಂಟನ್ ಹೆಂಡತಿಯ ಕಡೆ ನೋಡಿದ. ಬೈದರೆ ಸಾಕಿತ್ತು. ಅವಳು ಬೈಯಲಿಲ್ಲ.

"ಇಷ್ಟು ವರ್ಷ ನೀನು ನನ್ನ ಮಾತು ಕೇಳಿಸ್ಕೊಳ್ತಾನೇ ಇಲ್ಲ ಅಂದ್ಕೊಂಡಿದ್ದೆ," ಎಂದಳು. "ನೋಡಿದ್ರೆ ಒಂದಕ್ಷರ ಬಿಡದೆ ಬರ್ಕೊಂಡಿದ್ದೀಯ. ಓದ್ತಾ ಓದ್ತಾ ಖುಷಿನೂ ಆಯ್ತು, ಹೊಡೀಬೇಕು ಅಂತಲೂ ಅನ್ನಿಸ್ತು. ಆದ್ರೆ ಆ ಬೂಟು ತೊಳೆಯೋದು ಓದಿದಾಗ ಮಾತ್ರ ಎದ್ದುಹೋಗಿ ಬಸ್ಸಿನಲ್ಲಿ ಕೂತ್ಬಿಟ್ಟೆ. ಒಬ್ಬಳೇ. ಇದೇನಾ ನಿನ್ನ ಮನಸ್ಸಲ್ಲಿರೋದು?"

ಫಿಂಟನ್ ಬಾಯಿ ತೆರೆದ. ಈ ಸಲ ಅದರೊಳಗೆ ಯಾರೂ ವಾಕ್ಯ ಇಡಲಿಲ್ಲ. "ತಪ್ಪಾಯ್ತು," ಎಂದ. "ಆ ಪುಟ ಹರಿದುಹಾಕ್ತೀನಿ."

"ಹರಿದಾಯ್ತು," ಎಂದಳು ಅಟ್ರಾಕ್ಟಾ.

ಸೋರ್ಚಾ ಗಂಟಲು ಸರಿಮಾಡಿಕೊಂಡಳು. "ನಾನೂ ಅದನ್ನೇ ಹೇಳೋಣ ಅಂತ ಬಂದೆ. ಕಾಗೆ, ಮುದುಕಿ ಇಬ್ಬರೂ ಅದ್ಭುತ. ಆದ್ರೆ ಆ ಬಂಗಾರದ ಕೂದಲಿನ ಫಿಂಟಾನಿಯಸ್ ಇದ್ದಾನಲ್ಲ, ಅವನು ಬಂದಾಗೆಲ್ಲ ನನಗೆ ಆಕಳಿಕೆ. ಅವನನ್ನ ತೆಗೆದುಬಿಡಿ."

"ಅವನೇ ನಾಯಕ!" ಎಂದು ಚೀರಿದ ಫಿಂಟನ್.

"ಅಲ್ಲ. ನಾಯಕ ಅಂದ್ರೆ ಆಮೇಲೆ ಬಂದೋನು. ನೀಲಿ ಶಾಯಿಯ ಪುಟಗಳಲ್ಲಿ. ನಿನ್ನೆ ಅಂಚೆಯಲ್ಲಿ ಬಂತಲ್ಲ, ಅವನು! ಆಫೀಸಿನವರೆಲ್ಲ ಬಿದ್ದು ಬಿದ್ದು ನಕ್ಕಿದ್ದೀವಿ."

"ನಾನು ನೀಲಿ ಶಾಯಿಯಲ್ಲಿ ಬರೆಯೋದೇ ಇಲ್ಲ."

"ನಾನು ಬರೀತೀನಿ," ಎಂದಳು ಅಟ್ರಾಕ್ಟಾ. "ಅಮ್ಮ ಕಾಗುಣಿತ ತಿದ್ದಿದ್ರು."

ಸೋರ್ಚಾ ಚೀಲದಿಂದ ಪುಟಗಳನ್ನು ತೆಗೆದುಕೊಟ್ಟಳು. ಫಿಂಟನ್ ಓದಿದ. ಅದರಲ್ಲಿದ್ದವನು ದೇವತೆಗಳೆಲ್ಲರ ತಂದೆ ದಗ್ದ. ಶತ್ರುಗಳು ಅವನನ್ನು ಸೋಲಿಸಲು ನೆಲದಲ್ಲಿ ಹಳ್ಳ ತೋಡಿ, ಎಂಬತ್ತು ಕೊಡ ಹಾಲಿನ ಅಂಬಲಿ ಸುರಿದು, ಅದರಲ್ಲಿ ಆಡು ಕುರಿ ಹಂದಿ ಹಾಕಿ, ಒಂದು ಹನಿ ಉಳಿಸಿದರೂ ತಲೆ ತೆಗೆಯುತ್ತೇವೆ ಎನ್ನುತ್ತಾರೆ. ಇಷ್ಟು ಹಳೆಯ ಪುರಾಣ. ಮುಂದಿನದು ಅಟ್ರಾಕ್ಟಾ ಪುರಾಣ. ದಗ್ದ ಅಷ್ಟನ್ನೂ ತಿಂದು, ಹಳ್ಳದ ಅಂಚನ್ನು ಬೆರಳಿನಿಂದ ಬಳಿದು ನೆಕ್ಕಿ, "ಇನ್ನೇನಿದೆ?" ಎಂದು ಕೇಳುತ್ತಾನೆ. ತಿಂದದ್ದೇನೂ ಇಲ್ಲ, ತನ್ನದು ಹುಟ್ಟಿನಿಂದಲೇ ದಪ್ಪ ಮೂಳೆ ಎನ್ನುತ್ತಾನೆ. ಅಂಗಿ ಸೊಂಟದವರೆಗೂ ಬರುವುದಿಲ್ಲ. ಬಗ್ಗಿದಾಗೆಲ್ಲ ಹಿಂದೆ ಪೂರ್ಣಚಂದ್ರ ಉದಯಿಸುತ್ತದೆ. ಶತ್ರುಸೈನ್ಯ ಅದನ್ನು ಕಂಡೇ ಓಡುತ್ತದೆ. ಇವನು ತನ್ನ ಗದೆಗೆ ಹೆದರಿತೆಂದು ಮೀಸೆ ತಿರುವುತ್ತಾನೆ. (ಫಿಂಟನ್ ಬರೆದದ್ದು ಕಾದಂಬರಿ, ಅವಳು ಬರೆದದ್ದು ಕಾದ ಅಂಬಲಿ. ಹಸಿದವರು ಯಾವುದಕ್ಕೆ ಕೈಹಾಕುತ್ತಾರೆಂದು ಬೇರೆ ಹೇಳಬೇಕೇ?)

ಅವನ ಕಿವಿ ಕೆಂಪಾಯಿತು. ಎದ್ದು ಹೋಗೋಣವೆಂದುಕೊಂಡ. ಆಗ ಕೊನೆಯ ಸಾಲುಗಳು ಕಣ್ಣಿಗೆ ಬಿದ್ದವು. 'ಮುದುಕಿಗೆ ನಿದ್ದೆ ಹತ್ತಿದ ಮೇಲೆ ದಗ್ದ ಬೆಕ್ಕಿನಂತೆ ಹೋಗಿ ಅವಳ ಕೋಣೆಯ ಬೆಂಕಿಯನ್ನಷ್ಟೇ ಹೊತ್ತಿಸಿ ಬರುತ್ತಾನೆ. ಯಾರಿಗೂ ಗೊತ್ತಿಲ್ಲವೆಂದು ಅವನ ನಂಬಿಕೆ. ಕಾಗೆಗೆ ಗೊತ್ತು. ಮುದುಕಿಗೂ ಗೊತ್ತು.'

ತಲೆಯೆತ್ತಿ ನೋಡಿದರೆ ಡಿಂಪ್ನಾ ಕಿಟಕಿಯಾಚೆ ಏನನ್ನೋ ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಕಿಟಕಿಯಾಚೆ ಏನೂ ಇರಲಿಲ್ಲ.

"ದಪ್ಪ ಮೂಳೆ ಅನ್ನೋದು ನಿಜ," ಎಂದ ಫಿಂಟನ್, ಕೀರಲು ದನಿಯಲ್ಲಿ. "ಡಾಕ್ಟರೇ ಹೇಳಿದ್ದಾರೆ."

"ಕಡುಬು ತಿನ್ನು," ಎಂದಳು ಅಟ್ರಾಕ್ಟಾ.

ಪುಸ್ತಕ ಮರುವರ್ಷ ಅಕ್ಟೋಬರಿನಲ್ಲಿ ಬಂತು. ಮುಖಪುಟದಲ್ಲಿ ಮೇಲೆ ಅಟ್ರಾಕ್ಟಾ ಹೆಸರು, ಅದರ ಕೆಳಗೆ ಡಿಂಪ್ನಾ ಹೆಸರು. ಒಳಗೆ, ಮುದ್ರಕರ ವಿಳಾಸಕ್ಕಿಂತ ಸ್ವಲ್ಪ ದೊಡ್ಡ ಅಕ್ಷರದಲ್ಲಿ, 'ಮೂಲ ಆಲೋಚನೆ: ಎಫ್. ಮಲ್ಡರಿಗ್' ಎಂದಿತ್ತು. ಬಿಡುಗಡೆಗೆ ಲೈಬ್ರರಿಯ ಸಭಾಂಗಣ ಕಿಕ್ಕಿರಿಯಿತು. ತಾಯಿ ಮಗಳು ವೇದಿಕೆಯ ಮೇಲೆ. ಕುರ್ಚಿ ಹಾಕುವ ಕೆಲಸ ಮೂಲ ಆಲೋಚನೆಯವನ ಪಾಲಿಗೆ. ಅದಕ್ಕೇನೂ ಅವನು ಬೇಸರಪಡಲಿಲ್ಲ. ಸಮಯ ಬಂದಾಗ ಯಾರಾದರೂ ತನ್ನನ್ನೂ ಎರಡು ಮಾತಾಡಲು ಕರೆಯುತ್ತಾರೆಂದು ಹೊಸ ಅಂಗಿ ಹಾಕಿಕೊಂಡು ಬಂದಿದ್ದ. ಅಂಗಿ ತೊಳೆದಾಗ ಒಂದು ಗೇಣು ಕುಗ್ಗಿತ್ತು, ಅಷ್ಟೇ.

ಅಟ್ರಾಕ್ಟಾ ದಗ್ದನ ಅಧ್ಯಾಯ ಓದತೊಡಗಿದಳು. ಜನ ನಗುತ್ತಿದ್ದರು. ಹಂದಿ ಮುಗಿಯಿತು, ಹಳ್ಳದ ಅಂಚು ಬಳಿದಾಯಿತು. ಆಗಲೇ ತಡವಾಗಿ ಬಂದ ಪಾದ್ರಿಗಳಿಗೊಂದು ಕುರ್ಚಿ ಬಿಡಿಸಿಕೊಡಲು ಫಿಂಟನ್ ಮುಂದಿನ ಸಾಲಿನ ಎದುರಿಗೇ ಬಗ್ಗಿದ.

ಓದು ನಿಂತಿತು. ಮೂರನೇ ಸಾಲಿನಿಂದ ಎಮೆಟ್ ಎದ್ದು ನಿಂತು ಬೆರಳು ತೋರಿಸಿ ಕೂಗಿದ: "ಅಯ್ಯಯ್ಯೋ! ಅವನೇ ಇವನು!"

ಸಭಾಂಗಣ ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ಜನ ಎದ್ದು ನಿಂತು ತಟ್ಟಿದರು; ಡಿಂಪ್ನಾ ಊರುಗೋಲು ನೆಲಕ್ಕೆ ಕುಟ್ಟಿದರು; ಪಾದ್ರಿಗಳು ಕಣ್ಣೊರೆಸಿಕೊಂಡರು. ಫಿಂಟನ್ ಎದ್ದು ನಿಂತು ಅಂಗಿಯ ಕಾಲರ್ ಸರಿಮಾಡಿಕೊಂಡ. ಅಂತೂ ಇಂತೂ ಊರು ತನ್ನನ್ನು ಗುರುತಿಸಿತು! ಈ ಕ್ಷಣದ ಶ್ರೇಯಸ್ಸು ತನ್ನೊಬ್ಬನದೇ ಅಲ್ಲವೆಂದು ಅವನ ದೊಡ್ಡ ಮನಸ್ಸು ನೆನಪಿಸಿತು. ಅವನು ಕುರ್ಚಿ ಬದಿಗಿಟ್ಟು, ಸಭೆಗೆ ಬೆನ್ನು ಮಾಡಿ, ವೇದಿಕೆಯ ಮೇಲಿದ್ದ ಹೆಂಡತಿಗೆ ಎದುರಾಗಿ ನಿಂತು, ಮಹಾಲೇಖಕನಿಗೆ ತಕ್ಕ ಗಾಂಭೀರ್ಯದಿಂದ ಸೊಂಟದವರೆಗೂ ಬಾಗಿ ವಂದಿಸಿದ.

ಚಪ್ಪಾಳೆ ಇಮ್ಮಡಿಯಾಯಿತು. ಅವನು ಇನ್ನೂ ಸ್ವಲ್ಪ ಬಾಗಿದ.