ಸಂಪಿಗೆ-ಜಾಜಿಯ ಕಿವಿಯಲ್ಲಿ ನಾನು ಹೇಳಿದ್ದು

ನಮ್ಮ ಮನೆಯಲ್ಲಿ ಯಾವ ಶುಭಕಾರ್ಯ ನಡೆದರೂ ಅದರ ಅಂಜಿಕೆಯ ಪಾಲು ಮಾತ್ರ ತಪ್ಪದೆ ನನಗೇ ಬರುತ್ತದೆ. ಮದುವೆಯಲ್ಲಿ ಬಂಗಾರದ ಚೀಲ ಕಾಯುವವಳು ನಾನು, ಗೃಹಪ್ರವೇಶದಲ್ಲಿ ಹಾಲು ಯಾವ ದಿಕ್ಕಿಗೆ ಉಕ್ಕುತ್ತದೋ ಎಂದು ಕಣ್ಣು ಮಿಟುಕಿಸದೆ ನಿಲ್ಲುವವಳೂ ನಾನು. ಹುಟ್ಟಾ ಅಂಜುಬುರುಕಿಯನ್ನೇ ಇಂಥ ಕೆಲಸಗಳು ಯಾಕೆ ಹುಡುಕಿಕೊಂಡು ಬರುತ್ತವೋ ಗೊತ್ತಿಲ್ಲ. ಹೋದ ವರ್ಷ ಅಣ್ಣನಿಗೆ ಹೆಣ್ಣು ಕೂಸು ಹುಟ್ಟಿತು. ನಮ್ಮ ಕಡೆ ತೊಟ್ಟಿಲ ಕೂಸಿನ ಕಿವಿಯಲ್ಲಿ ಮೊದಲು ಹೆಸರು ಹೇಳುವವಳು ಸೋದರತ್ತೆ. ಅಣ್ಣನಿಗೆ ಇರುವ ತಂಗಿ ನಾನೊಬ್ಬಳೇ. ಆಮೇಲೆ ನಾನು ಪಟ್ಟ ಪಾಡು ಇಷ್ಟು.

೧. ನಡುವಿನ ಗೆರೆ

ಅವ್ವನಿಗೆ ಸಂಪಿಗೆ ಬೇಕು. ಅಣ್ಣನ ಹೆಂಡತಿ ವೈನಿಯ ತಾಯಿಗೆ, ಅಂದರೆ ನಮ್ಮ ಬೀಗ್ತಿಗೆ, ಜಾಜಿ ಬೇಕು. ಅಣ್ಣನ ಮದುವೆಯಲ್ಲಿ ಯಾರ ಮಂದಿಯನ್ನು ಮೊದಲ ಪಂಕ್ತಿಗೆ ಕೂಡ್ರಿಸಬೇಕು ಎಂಬ ಮಾತಿಗೆ ಮಾತು ಬೆಳೆದು ಇವರಿಬ್ಬರೂ ಎರಡು ವರ್ಷ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಕೂಸು ಹುಟ್ಟಿದ ದಿನ ಆಸ್ಪತ್ರೆಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತು ಒಂದೇ ಬಸಿಯಲ್ಲಿ ಚಹಾ ಹಂಚಿಕೊಂಡರು. ಅದನ್ನು ನೋಡಿ ವೈನಿ ಸಮಾಧಾನದಿಂದ ಅತ್ತಿದ್ದಳು. ಈಗ ಹೂವಿನ ಸಲುವಾಗಿ ಮತ್ತೆ ಮಾತು ಬಿಟ್ಟರೆ ಗತಿಯೇನು ಎಂಬುದೇ ನನ್ನ ಹೆದರಿಕೆ.

"ನಮ್ಮ ತವರಮನಿ ಹಿತ್ತಲದಾಗ ಸಂಪಿಗಿ ಗಿಡ ಇತ್ತು. ಅದರ ಬುಡಕ್ಕ ಆಡಿ ಬೆಳದೇನಿ. ಸಂಪಿಗೀನ ಇಡಬೇಕು" ಅಂದಳು ಅವ್ವ.

"ನಮ್ಮವ್ವ ಕಡೀ ದಿನದ ತನಕಾ ಜಾಜಿ ಮುಡದಾಕಿರಿ. ಜಾಜಿ ಬಿಟ್ಟು ಬ್ಯಾರೆ ಮಾತs ಇಲ್ಲ" ಅಂದರು ಬೀಗ್ತಿ.

ಅಣ್ಣ ಒಂದು ಹಾಳೆಯ ಮೇಲೆ 'ಸಂಪಿಗೆ-ಜಾಜಿ' ಎಂದು ಬರೆದು ನಡುವೆ ಹಿಡಿದ. "ನೋಡ್ರಿ, ಎರಡೂ ಹೂವು ಇಟ್ಟು ನಡುವ ಒಂದು ಗೆರಿ ಎಳದೇನಿ. ಈಗಿನವರು ಹಿಂಗs ಇಡತಾರ. ಇಬ್ಬರದೂ ಆತಲ್ಲ?"

ಇಬ್ಬರೂ ಕನ್ನಡಕ ಏರಿಸಿ ಆ ಗೆರೆಯನ್ನು ಹೊಲದ ಬದು ನೋಡಿದ ಹಾಗೆ ನೋಡಿದರು. ತಲೆ ಆಡಿಸಿದರು. ನನಗೆ ಹೋದ ಉಸಿರು ಬಂತು. ಅಷ್ಟರಲ್ಲಿ ಬೀಗ್ತಿ ಮೆಲ್ಲಗೆ ಕೇಳಿದರು, "ಛಲೋ ಆತ್ರಿ. ಆದ್ರ ಗೆರಿಗಿಂತ ಮೊದಲು ಯಾರು, ಆಮ್ಯಾಲೆ ಯಾರು?"

ಅಣ್ಣ ಸ್ಕೂಟರಿನ ಕೀಲಿ ತೆಗೆದುಕೊಂಡು ನನ್ನ ಕಡೆ ಬೆರಳು ತೋರಿಸಿದ. "ಅದು ಹೆಸರಿಡಾಕಿಗೆ ಬಿಟ್ಟಿದ್ದು." ಮರುಕ್ಷಣ ಅವನು ಉಣಕಲ್ಲಿನ ಕೆರೆ ದಾಟಿದ್ದ.

೨. ಹೂವಿನ ಅಜ್ಜಿ

ಯಾವುದು ಮೊದಲು ಬಂದರೆ ಕೂಸಿಗೆ ಒಳ್ಳೆಯದು ಎಂದು ತಿಳಿದವರನ್ನೇ ಕೇಳೋಣ ಅಂತ ಪೇಟೆಯ ಹೂವಿನ ಅಜ್ಜಿಯ ಹತ್ತಿರ ಹೋದೆ.

"ಅಜ್ಜಿ, ಸಂಪಿಗಿ ಛಲೋನೋ, ಜಾಜಿ ಛಲೋನೋ?"

"ದೇವರಿಗೋ, ತಲಿಗೋ?"

"ಕೂಸಿಗೆ. ಹೆಸರಿಡಾಕ."

ಅಜ್ಜಿ ಕಟ್ಟುತ್ತಿದ್ದ ಮಾಲೆ ಕೆಳಗಿಟ್ಟಳು. "ಸಂಪಿಗಿ ಗಿಡದಾಗ ದೆವ್ವ ಇರತಾವು ಅಂತಾರವಾ. ನಾ ಏನೂ ಕಂಡಿಲ್ಲ, ಸುಳ್ಳು ಯಾಕ ಹೇಳ್ಲಿ. ಆದ್ರ ನಮ್ಮತ್ತಿ ಕಂಡಿದ್ಲು."

"ಮತ್ತ ಜಾಜಿ?"

"ಜಾಜಿ ಭಾಳ ನಾಜೂಕ. ಮುಂಜಾನಿ ಕಟ್ಟಿದ್ರ ಸಂಜಿಗೆ ಇಲ್ಲ."

ಗೆರೆಯ ಈಚೆ ದೆವ್ವ, ಆಚೆ ಅಲ್ಪಾಯುಷ್ಯ. ಕಣ್ಣಲ್ಲಿ ನೀರು ತಂದುಕೊಂಡು ಕೇಳಿದೆ, "ಹಂಗಾರ ಯಾವುದು ಇಡೂಣಜ್ಜಿ?"

ಅಜ್ಜಿ ತನ್ನ ಬುಟ್ಟಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ಚೆಂಡುಹೂವು ಇಡು. ನಾಕ ದಿನ ಬಿಸಲಾಗ ಒಗದ್ರೂ ಏನೂ ಆಗಂಗಿಲ್ಲ. ಇವತ್ತ ಭಾಳ ಉಳದಾವು, ನಾಕ ಮೊಳ ಒಯ್ಯಿ."

ಒಯ್ಯದಿದ್ದರೆ ಇನ್ನೇನು ಹೇಳುತ್ತಾಳೋ ಎಂಬ ಅಂಜಿಕೆಯಲ್ಲಿ ಎಂಟು ಮೊಳ ಒಯ್ದೆ.

೩. ಎರಡು ಸೂಜಿ

ಲಸಿಕೆ ಹಾಕಿಸುವ ದಿನ ವೈನಿಯ ಜೊತೆಗೆ ನಾನೂ ಹೋದೆ. ಸೂಜಿ ನೋಡಲಾರೆ ಎಂದು ವೈನಿ ಬಾಗಿಲ ಹೊರಗೇ ನಿಂತಳು. ನಾನೂ ನೋಡಲಾರೆ. ಆದರೆ ಕೂಸು ನನ್ನ ಕೈಯಲ್ಲಿತ್ತು.

"ಹೆಸರೇನ್ರಿ?" ಎಂದರು ಸಿಸ್ಟರು.

"ಸಂಪಿಗೆ..." ಉಗುಳು ನುಂಗಿ ಹೇಳಿದೆ, "ಜಾಜಿ."

ಅವರು ರಜಿಸ್ಟರಿನಲ್ಲಿ ಎರಡು ಸಾಲು ಬರೆದು ಎರಡು ಸೂಜಿ ತೆಗೆದಿಟ್ಟರು. "ಇಕಿ ಸಂಪಿಗಿನೋ, ಜಾಜಿನೋ? ಇನ್ನೊಂದು ಕೂಸು ಎಲ್ಲೈತಿ?"

"ಎರಡೂ ಇಕೀನ ರೀ."

"ಅವಳಿ ಅಲ್ಲೇನು?"

ಆ ಎರಡು ಸೂಜಿ ನೋಡಿ ನನ್ನ ಬುದ್ಧಿ ಅರ್ಧಕ್ಕೇ ನಿಂತಿತ್ತು. "ಅಲ್ರಿ, ಒಂದs ಕೂಸು. ನಡುವ ಗೆರಿ ಐತ್ರಿ" ಅಂದೆ.

ಸಿಸ್ಟರು ಗಾಬರಿಯಿಂದ ಕೂಸಿನ ಬಟ್ಟೆ ಬಿಚ್ಚಿ ಹೊಟ್ಟೆ, ಬೆನ್ನು ತಿರುವಿ ನೋಡಿದರು. "ಎಲ್ಲಿ ಗೆರಿ? ಹುಟ್ಟಾನ ಐತೇನು? ದೊಡ್ಡ ಡಾಕ್ಟರಿಗೆ ತೋರಿಸೀರಿಲ್ಲೋ?"

೪. ತಿರುಗಿದ ಬೋರ್ಡು

ತೊಟ್ಟಿಲ ದಿನ ಬಂದೇ ಬಂತು. ಅಣ್ಣ ಒಂದು ಉಪಾಯ ಮಾಡಿದ್ದ. ಥರ್ಮಾಕೋಲಿನ ಬೋರ್ಡಿನ ಒಂದು ಮಗ್ಗುಲಿಗೆ 'ಸಂಪಿಗೆ-ಜಾಜಿ', ಇನ್ನೊಂದು ಮಗ್ಗುಲಿಗೆ 'ಜಾಜಿ-ಸಂಪಿಗೆ'. ಅದನ್ನು ಪೆಂಡಾಲಿನ ನಟ್ಟನಡುವೆ ಒಂದು ಹಗ್ಗಕ್ಕೆ ತೂಗುಬಿಟ್ಟ. ಆಚೆ ನಮ್ಮ ಮಂದಿ, ಈಚೆ ಸಪ್ತಾಪುರದಿಂದ ಬಂದ ಬೀಗರ ಮಂದಿ, ಎದುರುಬದುರು. ಇವರಿಗೆ ಇವರದು ಕಾಣುತ್ತದೆ, ಅವರಿಗೆ ಅವರದು. ಅವ್ವನ ಮುಖ ಅರಳಿತು. ಬೀಗ್ತಿಯ ಮುಖವೂ ಅರಳಿತು. ಕಡೆಗೂ ಬಚಾವಾದೆವು ಅಂದುಕೊಂಡೆ.

ಆಗ ಯಾರೋ ಪುಣ್ಯಾತ್ಮರು ಸೆಕೆ ಎಂದು ಫ್ಯಾನು ಹಾಕಿದರು.

ಬೋರ್ಡು ಮೆಲ್ಲಗೆ ತಿರುಗಿತು. ಅವ್ವನ ನಗು ಆರಿತು. ಮತ್ತೆ ತಿರುಗಿತು, ಬೀಗ್ತಿಯ ನಗು ಆರಿತು.

"ಏ, ಅದನ್ನ ಹಿಡೀರಿ ಯಾರರೆ!" ಎಂದಳು ಅವ್ವ.

"ತಡೀರಿ ತಡೀರಿ, ಈಗ ಸರಿ ಬಂದೈತಿ" ಎಂದರು ಬೀಗ್ತಿ.

ಹಿಡಿಯಲು ಹೋದವಳು ನಾನೇ. ಹಿಡಿದರೆ ಯಾವ ಮಗ್ಗುಲು ಯಾರ ಕಡೆ ಮಾಡಲಿ ಎಂದು ಹೆದರಿ ಬೋರ್ಡಿನ ಜೊತೆಗೆ ನಾನೂ ಒಂದು ಸುತ್ತು ತಿರುಗಿದೆ. ಅಣ್ಣ ಓಡಿಹೋಗಿ ಫ್ಯಾನು ಆರಿಸಿದ. ಬೋರ್ಡು ತೂಗಾಡಿ ತೂಗಾಡಿ ನಿಂತಿತು. ನಿಂತದ್ದು ಅಡ್ಡಡ್ಡಲಾಗಿ, ಅಂಚು ಮಾತ್ರ ಕಾಣುವ ಹಾಗೆ. ಎರಡೂ ಕಡೆಯವರು ತಕರಾರಿಲ್ಲದೆ ಒಪ್ಪಿದ ಹೆಸರು ಅದೊಂದೇ.

೫. ಕಿವಿ

ಕಡೆಗೆ ಕಿವಿಯ ಹೊತ್ತು ಬಂತು. ನಮ್ಮಲ್ಲಿ ಸೋದರತ್ತೆ ತೊಟ್ಟಿಲೊಳಗೆ ತಲೆ ಬಾಗಿಸಿ ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು ಮೂರು ಸಲ ಅಂದು ಹೆಸರು ಹೇಳಬೇಕು. ಅಷ್ಟೂ ಹೊತ್ತು ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಪ್ರೀತಿಯ ಗುದ್ದೇ ಅದು. ಆದರೆ ನಲವತ್ತು ವರ್ಷ ಜೋಳದ ರೊಟ್ಟಿ ಬಡಿದ ಕೈಗಳ ಪ್ರೀತಿ. ನಾನು ಬೆನ್ನಿನ ಮೇಲೆ, ಸೆರಗಿನೊಳಗೆ, ಒಂದು ಟವೆಲ್ಲು ಮಡಚಿ ಇಟ್ಟುಕೊಂಡಿದ್ದೆ.

ತಲೆ ಬಾಗಿಸುವಾಗ ಎಡಗಡೆಯಿಂದ ಅವ್ವ ಉಸುರಿದಳು, "ಸಂಪಿಗಿ ಮೊದಲು. ನಾ ನಿನ್ನ ಹಡದಾಕಿ, ನೆನಪಿರಲಿ."

ಬಲಗಡೆಯಿಂದ ಬೀಗ್ತಿ, "ಜಾಜಿ ಮೊದಲವಾ ತಂಗಿ. ಇನ್ನ ನಿನ್ನ ಲಗ್ನದ ಮಾತು ನಾನs ಆಡಾಕಿ, ನೆನಪಿರಲಿ."

ಕುರ್ರ್. ಎಡಗಡೆಯಿಂದ ಒಂದು ಗುದ್ದು. ಕುರ್ರ್. ಬಲಗಡೆಯಿಂದ ಒಂದು ಗುದ್ದು. ಕುರ್ರ್. ಎರಡೂ ಕಡೆಯಿಂದ ಒಟ್ಟಿಗೆ. ಟವೆಲ್ಲು ಜಾರಿತು. ಕೂಸು ಕಣ್ಣು ಅಗಲ ಮಾಡಿ ನನ್ನನ್ನೇ ನೋಡುತ್ತಿತ್ತು. ಸಂಪಿಗೆ ಎನ್ನಲು ಬಾಯಿ ತೆರೆದೆ, ಬಲಗಡೆಯ ನೆನಪಾಯಿತು. ಜಾಜಿ ಎನ್ನಲು ಹೋದೆ, ಎಡಗಡೆಯ ನೆನಪಾಯಿತು. ಒಂದಕ್ಷರವೂ ಹೊರಡಲಿಲ್ಲ. ತಲೆ ಮೇಲೆತ್ತಿದೆ.

"ಹೇಳಿದಿ?" ಎಂದರು ಎಲ್ಲರೂ.

"ಹೇಳಿದೆ" ಅಂದೆ. ಗುಗ್ಗರಿ ಹಂಚಿದರು.

ಅಡುಗೆಮನೆಯಲ್ಲಿ ಅವ್ವ ನನ್ನ ರೆಟ್ಟೆ ಹಿಡಿದಳು. "ಖರೇ ಹೇಳು, ಯಾವುದು ಮೊದಲು?"

"ನಿಂದs ಅವ್ವಾ."

ಹಿತ್ತಲಲ್ಲಿ ಬೀಗ್ತಿ ಹಿಡಿದರು. "ಯಾರಿಗೂ ಹೇಳಂಗಿಲ್ಲ, ನನಗಷ್ಟs ಹೇಳು."

"ನಿಮ್ಮದs ರೀ."

ಆವತ್ತು ಊಟಕ್ಕೆ ಇಬ್ಬರೂ ಪಕ್ಕ ಪಕ್ಕ ಕುಳಿತರು. ಪಾಪ, ಸೋತಾಳಲ್ಲ ಎಂಬ ಕರುಣೆಯಿಂದ ಒಬ್ಬರ ಎಲೆಗೆ ಒಬ್ಬರು ಹೋಳಿಗೆ ಬಡಿಸಿದರು. ಆ ಕರುಣೆ ಇಂದಿಗೂ ನಡೆದಿದೆ. ವಾರಕ್ಕೊಮ್ಮೆ ಬೀಗ್ತಿ ಬರುತ್ತಾರೆ, ಅವ್ವ ಮಂಡಗಿ, ಚುರುಮುರಿ ಅಂತ ಓಡಾಡುತ್ತಾಳೆ. ವೈನಿ ನನ್ನನ್ನು ದೇವರ ಹಾಗೆ ನೋಡುತ್ತಾಳೆ. ನನಗೆ ಮಾತ್ರ ನೆಮ್ಮದಿ ಇಲ್ಲ. ನಡೆದದ್ದು ಗೊತ್ತಿರುವ ಜೀವ ಮನೆಯಲ್ಲಿ ಇನ್ನೊಂದಿದೆ, ಅದು ದಿನದಿನಕ್ಕೆ ಬೆಳೆಯುತ್ತಿದೆ. ಅಣ್ಣ ಅದಕ್ಕೆ 'ಅಪ್ಪಾ' ಅನ್ನಲು ಕಲಿಸುವಾಗಲೆಲ್ಲ ನಾನು ಗಿಲಿಗಿಚ್ಚಿ ಆಡಿಸಿ ಅದರ ಲಕ್ಷ್ಯ ತಪ್ಪಿಸುತ್ತೇನೆ.

ಹೋದ ಭಾನುವಾರ ಎಲ್ಲರೂ ಪಡಸಾಲೆಯಲ್ಲಿದ್ದರು. ಕೂಸು ಬೀಗ್ತಿಯ ತೊಡೆಯ ಮೇಲಿತ್ತು, ಅವ್ವ ಎದುರಿಗೆ ಕುಳಿತು ಅದರ ಗಲ್ಲ ಹಿಡಿದಿದ್ದಳು.

"ನಮ್ಮ ಬಂಗಾರೀ," ಎಂದರು ಬೀಗ್ತಿ, "ಅತ್ತಿ ನಿನಗೇನು ಹೆಸರಿಟ್ಟಾಳ? ಹೇಳು ನೋಡೂಣು."

ಕೂಸು ಬಾಯಿಯಿಂದ ಬಿಸ್ಕೀಟು ತೆಗೆಯಿತು. ನನ್ನನ್ನೇ ನೆಟ್ಟಗೆ ನೋಡಿತು. ಎಲ್ಲರಿಗೂ ಕೇಳುವ ಹಾಗೆ, ಬಿಡಿಸಿ ಹೇಳಿತು:

"ಕುರ್ರ್."