ಬಣ್ಣ ಉಣ್ಣುವ ಅತಿಥಿ

ಮನೆಯಲ್ಲಿ ತನ್ನ ಮಾತು ನಡೆಯುವುದಿಲ್ಲ ಎಂಬುದು ಟೆಂಪೊ ಡ್ರೈವರ್ ಗೂಡುಸಾಬನ ಹಳೆಯ ದೂರು. ಈಗ ಹೊಸದೊಂದು ಸೇರಿತ್ತು: ತನಗಿಂತ ಬೂಷ್ಟಿಗೆ ಮರ್ಯಾದೆ ಹೆಚ್ಚು.

ಮಂಗೋರ್ ಹಿಲ್‌ನ ಬಾಡಿಗೆ ಮನೆಯ ಹಿತ್ತಲಲ್ಲಿ ಹೆಂಡತಿ ಜೈನಬ ಬೀಚಿನ ಅಂಗಡಿಗಳಿಗಾಗಿ ದುಪಟ್ಟಾಗಳಿಗೆ ಬಣ್ಣ ಹಾಕಿ ಕೊಡುತ್ತಿದ್ದಳು. ಉಳಿದ ನೀಲಿ ನೀರು ಗಟಾರಕ್ಕೆ, ಗಟಾರ ಮನೆಯೊಡತಿ ಮಾಲಕಿಬಾಯಿಯ ಬಾಳೆಯ ಬುಡಕ್ಕೆ. ಬಾಳೆ ಒಣಗಿದ ದಿನ ಮಾಲಕಿಬಾಯಿ ಖಡಾಖಂಡಿತವಾಗಿ ಹೇಳಿದಳು: ಮುಂದಿನ ರವಿವಾರ ಬಂದು ನೋಡುತ್ತೇನೆ, ನೀರು ತಿಳಿಯಾಗಿರದಿದ್ದರೆ ಬಣ್ಣದ ಕೆಲಸವೂ ಬಂದ್, ಮನೆಯೂ ಖಾಲಿ.

ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದುವ ಮಗಳು ರುಕ್ಸಾನಾ ಪ್ರಯೋಗಶಾಲೆಯಿಂದ ಒಂದು ಚೀಲ ತಂದಳು. ಒಳಗೆ ಭತ್ತದ ಹುಲ್ಲು, ಹುಲ್ಲಿನ ತುಂಬ ಬಿಳಿ ಬೂಷ್ಟು.

"ಇದು ಅಣಬಿ ಜಾತಿದು, ಅಬ್ಬಾ. ಇದರ ರಸ ಒಣಾ ಕಟ್ಟಿಗೀನೂ ಕರಗಸ್ತದ. ಬಣ್ಣದ ನೀರಿನ ಡ್ರಮ್ಮಿನಾಗ ಇಟ್ರ ಬಣ್ಣಾನೂ ಮುರದು ಹಾಕ್ತದ."

"ರೊಟ್ಟಿಗಿ ಬೂಷ್ಟು ಬಂದ್ರ ನಿಮ್ಮಮ್ಮಿ ಹೊರಗ ಒಗೀತಾಳ. ಇದನ್ನ ಡ್ರಮ್ಮಿನಾಗ ಇಟ್ಟು ಸಾಕ್ತೀರೇನು?"

"ನೀವು ಸುಮ್ನ ಕುಂದರ್ರಿ," ಎಂದಳು ಜೈನಬ. ಗೂಡುಸಾಬ ಸುಮ್ಮನೆ ಕುಳಿತ. (ಆ ಮನೆಯಲ್ಲಿ ಆತನಿಗಿದ್ದ ಪೂರ್ಣಾಧಿಕಾರ ಅದೊಂದೇ.)

ತಾಯಿ ಮಗಳು ಉಳಿದ ನೀಲಿ ನೀರನ್ನು ಡ್ರಮ್ಮಿಗೆ ತುಂಬಿ, ಬೂಷ್ಟಿನ ಹುಲ್ಲು ಹಾಕಿ ಮುಚ್ಚಿಟ್ಟರು. ಮೊದಲ ದಿನ ನೀರು ಮಸಿಯಂತಿತ್ತು. ಮೂರನೆಯ ದಿನ ತೆಳುವಾಯಿತು. ಐದನೆಯ ದಿನ, ಶುಕ್ರವಾರ, ಮುಚ್ಚಳ ತೆಗೆದು ಹುಲ್ಲು ಸರಿಸಿದರೆ ಡ್ರಮ್ಮಿನ ತಳ ಕಾಣುತ್ತಿತ್ತು. ಗೂಡುಸಾಬ ತೆರೆದ ಬಾಯಿ ಮುಚ್ಚಲಿಲ್ಲ. ಕುಂಕಳ್ಳಿಯ ಕಾರ್ಖಾನೆಗಳಿಗೆ ಇಪ್ಪತ್ತು ವರ್ಷ ಯಂತ್ರ ಸಾಗಿಸಿದವನು ಆತ; ಅವುಗಳ ಆರ್ಭಟ ಬಲ್ಲವನು. ಇದಕ್ಕೋ ಕೈಯಿಲ್ಲ, ಕಾಲಿಲ್ಲ, ಕರೆಂಟ್ ಬೇಡ. ಸದ್ದಿಲ್ಲದೆ ಕೂತು ಒಂದು ಡ್ರಮ್ ನೀಲಿಯನ್ನು ಇಲ್ಲವಾಗಿಸಿಬಿಟ್ಟಿತ್ತು. ಆತನ ಎದೆ ತುಂಬಿ ಬಂತು, ಕಣ್ಣೂ ಒದ್ದೆಯಾಯಿತು. ಚಪ್ಪಲಿ ಬಿಟ್ಟು ಇನ್ನೊಮ್ಮೆ ಇಣುಕಿದ.

ಆಮೇಲೆ ಚಿಂತೆ ಹತ್ತಿತು.

"ಜೈನಬ, ನೀರಾಗ ಬಣ್ಣಾನ ಉಳಿದಿಲ್ಲ. ಪಾಪ, ಅದು ಏನು ತಿನ್ನಬೇಕು? ಮನಿಗಿ ಬಂದವ್ರನ್ನ ಉಪಾಸ ಕೆಡವಬಾರದು."

"ಮಾಲಕಿಬಾಯಿ ಬಂದು ಹೋಗೂತನಾ ಒಂದು ಹನಿ ಬಣ್ಣಾ ಹಾಕಂಗಿಲ್ಲ. ಡ್ರಮ್ ಮುಟ್ಟಿದ್ರ ನೋಡ್ರಿ."

ಬಂದವರನ್ನು ಉಣ್ಣಿಸದೆ ಕಳಿಸಿದ ಕಳಂಕ ಗೂಡುಸಾಬನ ಮಹಾವಂಶಕ್ಕೆ ತಟ್ಟಿರಲೇ ಇಲ್ಲ. ಹೆಂಡತಿ ನೀರಿಗೆ ಹೋದಾಗ ತನ್ನ ಡ್ಯೂಟಿಯ ಕಡುನೀಲಿ ಅಂಗಿಯನ್ನು ಮೆಲ್ಲಗೆ ಹುಲ್ಲಿನ ಕೆಳಗೆ ತುರುಕಿದ. "ಕಿಸೆ ಕಡೆ ಒಂದೀಟು ತಗೋರಿ," ಎಂದು ಬಹುವಚನದಲ್ಲೇ ಬೇಡಿಕೊಂಡ.

ರವಿವಾರ ಮಾಲಕಿಬಾಯಿ ಬಂದಳು. ತಿಳಿನೀರು ನೋಡಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಜೈನಬ ಬೀಗುತ್ತ ಕೋಲಿನಿಂದ ಹುಲ್ಲು ಎತ್ತಿದಳು. ಜೊತೆಗೆ ಅಂಗಿಯೂ ಎದ್ದು ಬಂತು. ಕಿಸೆಯಷ್ಟೇ ಅಲ್ಲ, ತೋಳು, ಬೆನ್ನು, ಕಾಲರು, ಎಲ್ಲೆಲ್ಲೂ ಬಿಳಿ ಮೋಡಗಳು.

"ಇದು ನಿಮ್ಮ ಅಂಗಿ ಅಲ್ಲೇನ್ರಿ?"

"ಅದಕ್ಕ ಹಸಿವಾಗಿತ್ತು," ಎಂದ ಗೂಡುಸಾಬ ತಲೆ ತಗ್ಗಿಸಿ.

ಮಾಲಕಿಬಾಯಿ ಅಂಗಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಇಂಥ ನಮೂನೆ ಬೀಚಿನಲ್ಲೂ ಸಿಗುವುದಿಲ್ಲ, ಮೊಮ್ಮಗನಿಗೆ ಬೇಕು ಎಂದು ಹಿಂದಿಯಲ್ಲಿ ಹೇಳಿ ಅದನ್ನು ಹಿಂಡಿ ಬಗಲಲ್ಲಿಟ್ಟುಕೊಂಡಳು. ಮನೆ ನಿಮ್ಮದೇ, ಕೆಲಸ ನಡೆಯಲಿ ಎಂದೂ ಹೇಳಿದಳು.

ಆಕೆ ಗೇಟು ದಾಟುವ ಮೊದಲೇ ಜೈನಬ ಗಂಡನ ಟ್ರಂಕು ತೆರೆದಿದ್ದಳು.

"ಏ, ಅವೆಲ್ಲಾ ನನ್ನ ಅಂಗಿ."

"ಇಂಥಾ ನಮೂನಿ ಅಂಗಿ ಬೀಚಿನ ಅಂಗಡ್ಯಾಗ ಚಲೋ ಹೋಗ್ತಾವ್ರಿ. ಉಪಾಸ ಕೆಡವಬಾರದು ಅಂದವ್ರು ನೀವ ಅಲ್ಲೇನು?"

ಸೋಮವಾರ ಫೋಂಡಾಕ್ಕೆ ಸಿಮೆಂಟ್ ಲೋಡ್ ಇತ್ತು; ಅಂಗಿಗಳೆಲ್ಲ ಡ್ರಮ್ಮಿನಲ್ಲಿದ್ದವು. ಗೂಡುಸಾಬ ತನ್ನ ಮದುವೆಯ ಬಿಳಿ ಶೇರ್ವಾನಿ ತೊಟ್ಟು ಟೆಂಪೊ ಹತ್ತಿದ. ಆ ಬಟ್ಟೆಯಲ್ಲಿ ಅತಿಥಿಗೆ ಉಣ್ಣುವಂಥದು ಏನೂ ಇರಲಿಲ್ಲ.