ಎಸ್ಬೆನ್ ಬರೆದ ಸೂತ್ರ ಮತ್ತು ಒಂದು ಕಿಲೋ ಮೆಣಸು

ಆ ಶುಕ್ರವಾರ ಎಸ್ಬೆನ್‌ಗೆ ಮೂವತ್ತು ತುಂಬಿತು. ಮದುವೆಯಾಗಿರಲಿಲ್ಲ, ತೊಂದರೆಯೆಲ್ಲ ಅಲ್ಲಿಂದಲೇ ಶುರು. ಡೆನ್ಮಾರ್ಕಿನಲ್ಲಿ ಮೂವತ್ತರ ಬ್ರಹ್ಮಚಾರಿ ಕೈಗೆ ಸಿಕ್ಕರೆ ತಲೆಯ ಮೇಲೆ ಕರಿಮೆಣಸಿನ ಪುಡಿ ಸುರಿಯದೆ ಬಿಡುವವರಿಲ್ಲ. ಇಪ್ಪತ್ತೈದಕ್ಕೆ ಗೆಳೆಯರು ದಾಲ್ಚಿನ್ನಿ ಪುಡಿ ಸುರಿದಿದ್ದರು. ವಾರವಿಡೀ ಅವನ ಕಿವಿಯಿಂದ ಪುಡಿ ಉದುರುತ್ತಿತ್ತು.

ಇವತ್ತು ಮಾತ್ರ ಅದು ಕೂಡದು. ಮಧ್ಯಾಹ್ನ ಮೂರಕ್ಕೆ ಆಯ್ಕೆ ಸಮಿತಿಯ ಮುಂದೆ ಅವನು ಪಾಠ ಮಾಡಿ ತೋರಿಸಬೇಕು. ಮೆಚ್ಚಿದರೆ ಕಾಯಂ ಕೆಲಸ. ಸೀನುತ್ತ ಪಾಠ ಮಾಡುವವನಿಗೆ ಯಾರು ಕೆಲಸ ಕೊಟ್ಟಾರು? ಆ ಪಾಠವೊಂದಿಲ್ಲದಿದ್ದರೆ ಮನೆಯಲ್ಲೇ ಮುಸುಕು ಹೊದ್ದು ಮಲಗಿರುತ್ತಿದ್ದ.

ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗಕ್ಕೆ ಸೇರಿ ಮೂರೇ ತಿಂಗಳು, ಹುಟ್ಟಿದ ದಿನ ಯಾರಿಗೂ ಹೇಳಿರಲಿಲ್ಲ. ಆದರೂ ಅನುಮಾನ. ಬಸ್ಸಿನಲ್ಲೇ ಚೀಟಿ ತೆಗೆದು, ಎಂಥ ಅಕ್ಷರಸಾಲು ಸರಿಯೆಂದು ಒಂದೇ ಸೂತ್ರದಲ್ಲಿ ಹೇಳುವ, ತಾನು ಕಲಿಸುವ ರೆಗ್ಯುಲರ್ ಎಕ್ಸ್‌ಪ್ರೆಷನ್ ವಿದ್ಯೆಯ ಮೊರೆ ಹೋದ. ದಿನವಿಡೀ ಓಡಾಡುವ ಜಾಗಕ್ಕೆ ಒಂದೊಂದು ಅಕ್ಷರ: ಕ ಎಂದರೆ ಕಾರಿಡಾರ್, ಲ ಎಂದರೆ ಲಿಫ್ಟ್, ಹ ಎಂದರೆ ಹಿಂದಿನ ಮೆಟ್ಟಿಲು. ಕ ಪಕ್ಕದಲ್ಲಿ ಇನ್ನೊಂದು ಕ ಬರಬಾರದು, ಕಾರಿಡಾರಿನಲ್ಲಿ ಸುಳಿದಾಡುವವನು ಸಿಕ್ಕಿಬೀಳುತ್ತಾನೆ. ಕೊನೆಯ ಅಕ್ಷರ ಹ ಆಗಿರಲೇಬೇಕು, ಏಕೆಂದರೆ ಪಾಠದ ಕೋಣೆ ಹಿಂದಿನ ಮೆಟ್ಟಿಲ ಬುಡದಲ್ಲಿತ್ತು. ಊರೆಲ್ಲ ಸೇರುವ ಕಾಫಿ ಕೋಣೆಗೆ ಅಕ್ಷರವನ್ನೇ ಕೊಡಲಿಲ್ಲ. ಕೊನೆಗೆ ಸೂತ್ರ ಹೀಗಾಯಿತು:

(ಹ|ಲ|ಕಹ|ಕಲ)*(ಹ|ಕಹ)

ಗೆರೆ ಎಂದರೆ ಇದು ಇಲ್ಲವೇ ಅದು, ನಕ್ಷತ್ರ ಎಂದರೆ ಎಷ್ಟು ಸಲ ಬೇಕಾದರೂ. ಮೆಣಸಿನವರ ಅಪ್ಪನಿಗೂ ತಾನು ಸಿಗುವುದಿಲ್ಲವೆಂದು ಎಸ್ಬೆನ್ ಮೀಸೆಯಡಿ ನಕ್ಕ.

ವಿಭಾಗಕ್ಕೆ ಬಂದು ಇಟ್ಟ ಮೊದಲ ಕ-ದಲ್ಲೇ ಅಪಾಯ ಕಂಡಿತು. ಕಾಫಿ ಕೋಣೆಯ ಮೇಜಿನ ಮೇಲೆ ಪುಟ್ಟ ಬಾವುಟ! ಆ ದೇಶದಲ್ಲಿ ಹುಟ್ಟುಹಬ್ಬವಿಲ್ಲದೆ ಮೇಜಿನ ಮೇಲೆ ಬಾವುಟ ಇಡುತ್ತಾರೆಯೇ? ಒಳಗಿನಿಂದ ಆಸ್ಗರ್, ಅವನ ಕೆಲಸದ ಕೋಣೆಯ ಜೊತೆಗಾರ, ಕೈಬೀಸಿದ.

"ಬಾರಯ್ಯ ಒಳಗೆ! ನಿಂಗೊಂದು ವಿಷ್ಯ ಹೇಳೋದಿದೆ."

"ಗೊತ್ತು ನಿನ್ನ ವಿಷ್ಯ!" ಎಂದು ಎಸ್ಬೆನ್ ಲಿಫ್ಟಿಗೆ ನುಗ್ಗಿದ.

ಲಿಫ್ಟಿನಲ್ಲಿ ಕಚೇರಿಯ ಗುಡ್ರುನ್ ನಿಂತಿದ್ದಳು, ಕೈಯಲ್ಲಿ ದಪ್ಪನೆಯ ಚೀಲ.

"ಸದ್ಯ ಸಿಕ್ದೆಯಲ್ಲ. ಬೆಳಿಗ್ಗೆಯಿಂದ ನಿನ್ನೇ ಹುಡುಕ್ತಿದೀನಿ."

"ಆ ಚೀಲದಲ್ಲೇನಿದೆ?"

"ಬನ್ನು. ಮಗಳಿಗೆ ಡ್ರೈವಿಂಗ್ ಲೈಸೆನ್ಸ್ ಸಿಕ್ತು, ಅದಕ್ಕೆ ಬಾವುಟ, ಬನ್ನು ಎಲ್ಲ. ಅದಿರ್ಲಿ, ಮಧ್ಯಾಹ್ನದ್ದು..."

"ಮಧ್ಯಾಹ್ನದ್ದೆಲ್ಲ ಬೇಡ! ನನ್ನ ಫೈಲ್ ಮುಟ್ಟಬೇಡ, ಹುಟ್ಟಿದ ತಾರೀಕಂತೂ ನೋಡ್ಲೇಬೇಡ!"

ಬಾಗಿಲು ತೆರೆದದ್ದೇ ತಡ, ಓಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಇಲ್ಲಿ ಕಳ್ಳ ಎಂದು ಯಾರೂ ಅಂದೇ ಇರಲಿಲ್ಲ.

ಹತ್ತು ಗಂಟೆಯ ತರಗತಿಯಲ್ಲಿ ತಲೆ ನಿಲ್ಲಲಿಲ್ಲ. ಉದಾಹರಣೆ ಮರೆತುಹೋಗಿ, ಜೇಬಿನ ಚೀಟಿಯಲ್ಲಿದ್ದುದನ್ನೇ ಬೋರ್ಡಿನ ಮೇಲೆ ಗೀಚಿದ.

"ಈ ಅಕ್ಷರಗಳಿಗೆ ಅರ್ಥ ಏನಾದ್ರೂ ಇದೆಯಾ?" ಎಂದಳು ಒಬ್ಬ ವಿದ್ಯಾರ್ಥಿನಿ.

ಅವನು ಯೋಚಿಸದೆ ಮೂರರ ಅರ್ಥವನ್ನೂ ಪಕ್ಕದಲ್ಲೇ ಬರೆದುಬಿಟ್ಟ. ಗಂಟೆಯಾಯಿತು. ಬಾಗಿಲಾಚೆ ಆಸ್ಗರನ ತಲೆ ಕಂಡದ್ದೇ ಇನ್ನೊಂದು ಬಾಗಿಲಿನಿಂದ ಪರಾರಿಯಾದ. ಅದೇ ಕೋಣೆಯಲ್ಲಿ ಮುಂದಿನ ತರಗತಿ ಆಸ್ಗರನದು ಎಂಬುದು ನೆನಪಿಗೆ ಬರಲಿಲ್ಲ.

ಊಟವಿಲ್ಲ, ಕಾಫಿಯಿಲ್ಲ. ಲ, ಕಲ, ಹ, ಕಹ ಎಂದು ದಿನವಿಡೀ ಕಟ್ಟಡದೊಳಗೆ ಅಲೆದ. ಫೋನು ನಾಲ್ಕು ಸಲ ಬಡಿದುಕೊಂಡಿತು. ಇದೂ ಬಲೆಯೇ ಎಂದು ಬಾಯಿ ಮುಚ್ಚಿಸಿದ. ಮೂರಕ್ಕೆ ಹತ್ತು ನಿಮಿಷವಿರುವಾಗ ಹಿಂದಿನ ಮೆಟ್ಟಿಲಿಳಿದ. ಒಂದು ನರಪಿಳ್ಳೆಯೂ ಇರಲಿಲ್ಲ. ಗೆದ್ದೆ ಎಂದುಕೊಂಡು ಕೊನೆಯ ಮೆಟ್ಟಿಲಿಗೆ ಕಾಲಿಟ್ಟ.

"ಈ ಕನ್ನಡಕ ಹಾಕ್ಕೋ ಮಾರಾಯ, ಕಣ್ಣಿಗೆ ಬಿದ್ರೆ ಕಷ್ಟ" ಎಂದು ಕಂಬದ ಮರೆಯಿಂದ ಆಸ್ಗರ್ ಬಂದ. ಹಿಂದೆ ಗುಡ್ರುನ್. ಅವಳ ಹಿಂದೆ, ಕಿಲೋ ಪೊಟ್ಟಣ ಬಿಚ್ಚುತ್ತ, ವಿಭಾಗದ ಮುಖ್ಯಸ್ಥೆ ವಿಬೆಕೆ.

"ಯಾರು ಹೇಳಿದ್ದು ನಿಮ್ಗೆ?"

"ನೋಡ್ಬೇಡ ಅಂದೆಯಲ್ಲ, ನೋಡ್ದೆ" ಎಂದಳು ಗುಡ್ರುನ್.

"ಇಲ್ಲಿಗೇ ಬರ್ತೀನಿ ಅಂತ?"

"ಬೋರ್ಡ್ ಒರೆಸದೆ ಓಡಿಹೋದ್ಯಲ್ಲ. ಎಲ್ಲಿ ಸುತ್ತಿದ್ರೂ ಕೊನೇದು ಹ" ಎಂದ ಆಸ್ಗರ್.

"ಸೂತ್ರ ಚೊಕ್ಕವಾಗಿದೆ. ಒಂದೂ ತಪ್ಪಿಲ್ಲ" ಎಂದು ಮೆಚ್ಚಿಕೊಳ್ಳುತ್ತಲೇ ವಿಬೆಕೆ ಪೊಟ್ಟಣ ಬೋರಲು ಹಾಕಿದಳು.

"ಅಯ್ಯೋ, ಮೂರಕ್ಕೆ ನನ್ನ ಪಾ... ಆಕ್ಷೀ! ಪಾಠ!"

"ಯಾವ ಪಾಠ? ಸಮಿತಿಯವರಿಗೆ ಜ್ವರ, ಮುಂದಿನ ಶುಕ್ರವಾರಕ್ಕೆ ಹೋಯ್ತು. ಅದನ್ನ ಹೇಳೋಕೇ ಇವ್ರಿಬ್ರೂ ಬೆಳಿಗ್ಗೆಯಿಂದ ನಿನ್ನ ಹಿಂದೆ ಓಡಿದ್ದು."

ಎಸ್ಬೆನ್ ಮೆಟ್ಟಿಲ ಮೇಲೆ ಕುಸಿದು ಕೂತ. ಇವತ್ತು ಮನೆಯಲ್ಲೇ ಮಲಗಿರಬಹುದಿತ್ತು. ಆ ಮಾತನ್ನು ಬಾಯಿಬಿಟ್ಟು ಹೇಳಲು ಏಳು ಸೀನು ಅಡ್ಡ ಬಂದವು.